ಐತಿಹಾಸಿಕ ಉದ್ಯಾನ, ಬಾವಡಿಗಳ ಜೀರ್ಣೋದ್ಧಾರ: ವಿಜಯಪುರದ ವರ್ತಕರ ಮುಂದಿರುವ ಲೆಕ್ಕಗಳು

ಊರಿನ ಹಳೆಯ ಉದ್ಯಾನವೊಂದನ್ನೋ ಬಾವಡಿಯೊಂದನ್ನೋ ಜೀರ್ಣೋದ್ಧಾರ ಮಾಡುವ ಸುದ್ದಿ ಬಂದೊಡನೆ ಊರು ಒಂದೇ ಧ್ವನಿಯಲ್ಲಿ ಮಾತನಾಡುವುದಿಲ್ಲ. ಇತಿಹಾಸದ ಅಭಿಮಾನಿಗಳು ಹರ್ಷಪಡುತ್ತಾರೆ. ಲಾಡ್ಜು, ಖಾನಾವಳಿ ನಡೆಸುವವರು ಬರಲಿರುವ ಪ್ರವಾಸಿಗರ ಲೆಕ್ಕ ಹಾಕುತ್ತಾರೆ. ಗೇಟಿನ ಎದುರು ಕಬ್ಬಿನ ಹಾಲಿನ ಗಾಡಿ ನಿಲ್ಲಿಸುವವನಿಗೆ ನಾಳೆ ತನ್ನ ಗಾಡಿ ಎಲ್ಲಿ ನಿಲ್ಲಬೇಕೆಂಬ ಚಿಂತೆ. ಪಕ್ಕದ ಓಣಿಯಲ್ಲಿ ಮನೆಯೂ ಮುಂಭಾಗದಲ್ಲಿ ಅಂಗಡಿಯೂ ಇರುವವನಿಗೆ ಮಾಳಿಗೆ ಸೋರಿದರೆ ಯಾರ ಅನುಮತಿ ಪಡೆದು ದುರಸ್ತಿ ಮಾಡಿಸಬೇಕೆಂಬ ಚಿಂತೆ. ಹಳ್ಳಿಯಿಂದ ಸಂತೆಗೆ ಬಂದವನು ಕೇಳುವುದು ಒಂದೇ ಮಾತು: ಒಳಗೆ ಹೋಗಲು ರೊಕ್ಕ ಎಷ್ಟು?

ಇವುಗಳಲ್ಲಿ ಕೆಲವನ್ನು ಅಭಿಮಾನವೆಂದೂ ಕೆಲವನ್ನು ಅಡ್ಡಿಯೆಂದೂ ವಿಂಗಡಿಸುವ ರೂಢಿ ಸರ್ಕಾರಿ ಸಭೆಗಳಲ್ಲಿ ಉಂಟು. ಆ ವಿಂಗಡಣೆ ಸರಿಯಲ್ಲ. ಪ್ರತಿಯೊಬ್ಬರ ಪ್ರತಿಕ್ರಿಯೆಯ ಹಿಂದೆಯೂ ಒಂದು ಲೆಕ್ಕವಿದೆ. ಆ ಲೆಕ್ಕಗಳು ಯಾವುವು, ಅವುಗಳ ಹಿಂದಿರುವ ಕಾನೂನು ಏನು ಹೇಳುತ್ತದೆ, ಸಣ್ಣ ಉದ್ದಿಮೆದಾರರಿಗೆ ಇದರಲ್ಲಿ ಕೆಲಸವೇನಾದರೂ ಇದೆಯೇ ಎಂಬುದನ್ನು ವಿಜಯಪುರ ನಗರ, ಟಿಕೋಟಾ ಮತ್ತು ಬಬಲೇಶ್ವರ ಭಾಗದ ಅನುಭವದ ಹಿನ್ನೆಲೆಯಲ್ಲಿ ಇಲ್ಲಿ ಪರಿಶೀಲಿಸಲಾಗಿದೆ.

ಉದ್ಯಾನವೆಂದರೆ ಮೊದಲು ನೀರು

ವರ್ಷಕ್ಕೆ ಸುಮಾರು 600 ಮಿಲಿಮೀಟರ್ ಮಳೆ ಬೀಳುವ ಬಯಲುಸೀಮೆಯಲ್ಲಿ ಉದ್ಯಾನ ಎಂಬ ಮಾತಿಗೆ ನೀರಿಲ್ಲದೆ ಅರ್ಥವಿಲ್ಲ. ಆದಿಲ್‌ಶಾಹಿಗಳಿಗೆ ಇದು ಚೆನ್ನಾಗಿ ತಿಳಿದಿತ್ತು. ನಗರದ ಪಶ್ಚಿಮಕ್ಕಿರುವ ತೊರವಿಯಿಂದ ನೆಲದೊಳಗಿನ ಸುರಂಗಗಳ ಮೂಲಕ ನೀರು ಕೋಟೆಯೊಳಕ್ಕೆ ಬರುತ್ತಿತ್ತು. ದಕ್ಷಿಣದಲ್ಲಿ ಮುಹಮ್ಮದ್ ಆದಿಲ್‌ಶಹನ ಕಾಲಕ್ಕೆ, 1651ರಲ್ಲಿ, 234 ಎಕರೆಯ ಬೇಗಂ ತಾಲಾಬ್ ನಿರ್ಮಾಣವಾಯಿತು. ಅಲ್ಲಿಂದ ಮಣ್ಣಿನ ಕೊಳವೆಗಳಲ್ಲಿ ಹರಿದ ನೀರು ದಾರಿಯುದ್ದಕ್ಕೂ 'ಗಂಜ್' ಎಂದು ಕರೆಯುವ ಗೋಪುರಗಳನ್ನು ಹತ್ತಿ ಇಳಿಯುತ್ತಿತ್ತು. ಕೊಳವೆಯೊಳಗಿನ ಒತ್ತಡ ಕಡಿಮೆಯಾಗಿ ಅದು ಒಡೆಯದಿರಲೆಂಬುದು ಒಂದು ಉದ್ದೇಶ, ನೀರಿನಲ್ಲಿರುವ ಮಣ್ಣು ತಳಕ್ಕೆ ಕೂರಲೆಂಬುದು ಇನ್ನೊಂದು. ಇಂದಿಗೂ ನಗರದ ಅಲ್ಲಲ್ಲಿ ಒಂಟಿಯಾಗಿ ನಿಂತಿರುವ ಗಂಜ್‌ಗಳನ್ನು ಕಂಡು ಅವು ಏಕಿವೆಯೆಂದು ಕೇಳುವವರು ಕಡಿಮೆ. ಅಸಾರ್ ಮಹಲಿನ ಎದುರಿನ ಕೊಳ ಈ ಜಾಲದ ನೀರಿನಿಂದಲೇ ತುಂಬುತ್ತಿತ್ತು. ತಾಳಿಕೋಟೆ ರಸ್ತೆಯ ಕುಮಟಗಿಯಲ್ಲಿ ಅರಸು ಮನೆತನದವರು ಬೇಸಿಗೆ ಕಳೆಯಲೆಂದು ಕೊಳದ ನಡುವೆಯೇ ವಿಹಾರ ಮಂಟಪ ಕಟ್ಟಿ ಕಾರಂಜಿ ಚಿಮ್ಮಿಸಿದ್ದರು.

ಆದುದರಿಂದ ವಿಜಯಪುರದಲ್ಲಿ ಹಳೆಯ ಉದ್ಯಾನವನ್ನು ಮರಳಿ ರೂಪಿಸುವುದೆಂದರೆ ಹುಲ್ಲುಹಾಸು, ಬೆಂಚು, ಬಣ್ಣದ ದೀಪಗಳ ಕೆಲಸವಷ್ಟೇ ಅಲ್ಲ. ಬಾವಡಿ, ಕಾಲುವೆ, ಕೆರೆಗಳು ಅದರ ಬೇರು. ಆ ಬೇರನ್ನು ಬಿಟ್ಟು ಎಲೆಗೆ ನೀರು ಚಿಮುಕಿಸಿದರೆ ಪಾಲಿಕೆಯ ಟ್ಯಾಂಕರಿನ ಖರ್ಚು ಹೆಚ್ಚುತ್ತದೆ, ಅಷ್ಟೆ.

ತಾಜ್ ಬಾವಡಿಯ ಉದಾಹರಣೆ

ನಗರದ ಪಶ್ಚಿಮ ಭಾಗದ ತಾಜ್ ಬಾವಡಿಯನ್ನು ಇಮ್ಮಡಿ ಇಬ್ರಾಹಿಂ ಆದಿಲ್‌ಶಹನ ರಾಣಿ ತಾಜ್ ಸುಲ್ತಾನಳ ಹೆಸರಿನಲ್ಲಿ 1620ರ ಸುಮಾರಿಗೆ ಮಲಿಕ್ ಸಂದಲ್ ಕಟ್ಟಿಸಿದನೆಂದು ಇತಿಹಾಸ ಹೇಳುತ್ತದೆ. ಎರಡು ಅಷ್ಟಕೋನ ಗೋಪುರಗಳ ನಡುವಿನ ಸುಮಾರು 35 ಅಡಿ ಅಗಲದ ಕಮಾನಿನ ಕೆಳಗೆ ಮೆಟ್ಟಿಲು ಇಳಿದರೆ ಸುಮಾರು 223 ಅಡಿ ಚೌಕದ ಹೊಂಡ. ಅದರ ಪೂರ್ವ, ಪಶ್ಚಿಮ ಪಾರ್ಶ್ವಗಳ ಕಟ್ಟಡಗಳು ದಾರಿಹೋಕರ ವಸತಿಗೆಂದು ಮೀಸಲಾಗಿದ್ದವು. ವರ್ತಕ ಬಂಧುಗಳು ಗಮನಿಸಬೇಕಾದ ಸಂಗತಿ ಇದು. ಪಡುವಣ ದಿಕ್ಕಿನಿಂದ ಮೆಕ್ಕಾ ದರ್ವಾಜೆಯ ಕಡೆಗೆ ಬಂದ ಪಯಣಿಗನು ಊರು ಹೊಕ್ಕೊಡನೆ ನೀರು ಕುಡಿದು ಮೈ ಚಾಚುವ ಸ್ಥಳ ಅದಾಗಿತ್ತು. ಬಾವಡಿ ಮೊದಲಿನಿಂದಲೂ ಜನಬಳಕೆಯ ಜಾಗ, ಬೇಲಿ ಹಾಕಿ ದೂರದಿಂದ ತೋರಿಸುವ ವಸ್ತುವಾಗಿರಲಿಲ್ಲ.

ನಲ್ಲಿ ನೀರು ಬಂದ ಮೇಲೆ ನಗರ ಬಾವಡಿಗಳನ್ನು ಮರೆಯಿತು. ಕೊಲ್ಹಾರದ ಬಳಿಯ ಕೃಷ್ಣೆಯ ನೀರು, ಭೂತನಾಳ ಕೆರೆಯ ನೀರು ಮನೆ ಬಾಗಿಲಿಗೆ ಬರತೊಡಗಿದಾಗ ತಾಜ್ ಬಾವಡಿಗೆ ಕಸ ಬಿತ್ತು, ಹೂಳು ತುಂಬಿತು. ಗಣೇಶ ಮೂರ್ತಿಗಳ ವಿಸರ್ಜನೆಗೂ ಅದೇ ಸ್ಥಳವಾಯಿತು. 2013ರಿಂದ 2018ರವರೆಗೆ ರಾಜ್ಯದ ಜಲಸಂಪನ್ಮೂಲ ಸಚಿವರಾಗಿದ್ದ ಬಬಲೇಶ್ವರ ಕ್ಷೇತ್ರದ ಶಾಸಕ ಎಂ.ಬಿ. ಪಾಟೀಲರ ಅವಧಿಯಲ್ಲಿ ನಗರದ ಬಾವಡಿಗಳ ಹೂಳೆತ್ತುವ ಕಾರ್ಯಕ್ಕೆ ಚಾಲನೆ ದೊರೆತು, ತಾಜ್ ಬಾವಡಿಯ ತಳ ಹಲವು ದಶಕಗಳ ನಂತರ ಕಣ್ಣಿಗೆ ಬಿದ್ದಿತು. ಬಾವಡಿಗಳ ನೀರನ್ನು ಕುಡಿಯುವುದನ್ನು ಬಿಟ್ಟು ಇತರ ಬಳಕೆಗೆ ಒದಗಿಸುವ ಆಲೋಚನೆಯೂ ಆ ಸಂದರ್ಭದಲ್ಲಿ ಮುಂದೆ ಬಂದಿತು. ಮುಂದೆ 2019ರ ಅಕ್ಟೋಬರಿನಲ್ಲಿ ವಿಶ್ವ ಸ್ಮಾರಕ ನಿಧಿಯು ತನ್ನ 2020ರ ಗಮನಾರ್ಹ ತಾಣಗಳ ಪಟ್ಟಿಗೆ ದಖ್ಖನ್ ಪ್ರಸ್ಥಭೂಮಿಯ ಐತಿಹಾಸಿಕ ಜಲವ್ಯವಸ್ಥೆಗಳನ್ನು ಸೇರಿಸಿಕೊಂಡಿತು. ವಿಜಯಪುರದ ಸುರಂಗ ಬಾವಡಿ ಅದರ ಭಾಗ.

ಈಗ ವ್ಯಾಪಾರಿಯ ಕಣ್ಣಿನಿಂದ ಒಂದು ಲೆಕ್ಕ. 223 ಅಡಿ ಚೌಕದ ಹೊಂಡದಲ್ಲಿ ಒಂದು ಅಡಿ ನೀರು ನಿಂತರೆ ಅದು ಸುಮಾರು 14 ಲಕ್ಷ ಲೀಟರ್. 5,000 ಲೀಟರಿನ ಟ್ಯಾಂಕರಿನಲ್ಲಿ ಅಳೆದರೆ 280 ಟ್ಯಾಂಕರ್. ಹತ್ತು ಅಡಿ ನಿಂತರೆ 2,800 ಟ್ಯಾಂಕರ್. ಬೇಸಿಗೆಯಲ್ಲಿ ಟ್ಯಾಂಕರ್ ನೀರಿಗೆ ತಾವು ಕೊಡುವ ದರದಿಂದ ಇದನ್ನು ಗುಣಿಸಿ ನೋಡಿದರೆ ಹೋಟೆಲಿನವರಿಗೂ ಲಾಂಡ್ರಿಯವರಿಗೂ ಕಟ್ಟಡ ಗುತ್ತಿಗೆದಾರರಿಗೂ ಬಾವಡಿ ಎಂದರೇನೆಂದು ಬೇರೆ ವಿವರಣೆ ಬೇಕಾಗದು.

ಆದರೆ ಹೂಳೆತ್ತುವುದು ಒಂದು ಸಲದ ಖರ್ಚು, ನಿರ್ವಹಣೆ ಪ್ರತಿ ತಿಂಗಳ ಖರ್ಚು. ಸುತ್ತಲಿನ ಚರಂಡಿ ಬಾವಡಿಗೆ ಇಳಿಯದಂತೆ ತಡೆಯಬೇಕು, ಕಾವಲುಗಾರ ಬೇಕು, ಪಾಚಿ ತೆಗೆಯಬೇಕು, ವಿಸರ್ಜನೆಗೆ ಬೇರೆ ಹೊಂಡ ಮಾಡಿ ಕೊಡಬೇಕು. ಮೊದಲನೆಯದಕ್ಕೆ ಅನುದಾನ ಸಿಗುತ್ತದೆ, ಉದ್ಘಾಟನೆಯೂ ಆಗುತ್ತದೆ. ಎರಡನೆಯದಕ್ಕೆ ಫಲಕ ಹಾಕುವವರಿಲ್ಲ. ಹಳೆಯ ತಾಣಗಳ ಪುನರುಜ್ಜೀವನವನ್ನು ಕಂಡು ಬಜಾರಿನ ಹಿರಿಯರು ತಲೆದೂಗುವ ಬದಲು ತುಟಿ ಕೊಂಕಿಸುವುದಕ್ಕೆ ಇದೇ ಕಾರಣ. ಅವರ ಅನುಮಾನ ಉದ್ಯಾನದ ಮೇಲಲ್ಲ, ಐದನೆಯ ವರ್ಷದ ಮೇಲೆ.

ಹಳ್ಳಿಯಲ್ಲಿ ಸ್ವಾಗತ, ನಗರದಲ್ಲಿ ಸಂಶಯ

ಇದೇ ಅವಧಿಯಲ್ಲಿ ನಡೆದ ಕೆರೆ ತುಂಬಿಸುವ ಕಾರ್ಯಕ್ಕೆ ಟಿಕೋಟಾ, ಬಬಲೇಶ್ವರ ಭಾಗದಲ್ಲಿ ದೊರೆತ ಪ್ರತಿಕ್ರಿಯೆಯ ಸ್ವರೂಪವೇ ಬೇರೆ. ಬಬಲೇಶ್ವರ ತಾಲ್ಲೂಕಿನ ಮಮದಾಪುರದಲ್ಲಿ ಮುಹಮ್ಮದ್ ಆದಿಲ್‌ಶಹನ ಕಾಲದ, 1633ರ ಎರಡು ಕೆರೆಗಳಿವೆ. ಇವೂ ಐತಿಹಾಸಿಕವೇ, ತಾಜ್ ಬಾವಡಿಗಿಂತ ಹತ್ತಾರು ವರ್ಷಗಳಷ್ಟೇ ಚಿಕ್ಕವು. ಆದರೆ ಅಲ್ಲಿ ನೀರು ಬಂದಾಗ ರೈತನು ಅದನ್ನು ಪರಂಪರೆಯ ರಕ್ಷಣೆಯೆಂದು ನೋಡಲಿಲ್ಲ, ತನ್ನ ಕೊಳವೆಬಾವಿಗೆ ಬಂದ ಜೀವವೆಂದು ನೋಡಿದನು.

ಟಿಕೋಟಾ ಸುತ್ತಲಿನ ದ್ರಾಕ್ಷಿ ಬೆಳೆಗಾರರಿಗೆ ಈ ಮಾತು ಬಿಡಿಸಿ ಹೇಳಬೇಕಿಲ್ಲ. ಏಪ್ರಿಲಿನಲ್ಲಿ ಒಂದು ಚಾಟ್ನಿ, ಅಕ್ಟೋಬರಿನ ಸುಮಾರಿಗೆ ಫಲಕ್ಕಾಗಿ ಇನ್ನೊಂದು ಚಾಟ್ನಿ, ಫೆಬ್ರವರಿಯಿಂದ ಕೊಯ್ಲು. ಈ ಚಕ್ರದಲ್ಲಿ ಒಂದು ಹಂತಕ್ಕೆ ನೀರು ತಪ್ಪಿದರೂ ಕಾಯಿ ಸಣ್ಣದಾಗುತ್ತದೆ, ಒಣದ್ರಾಕ್ಷಿಯ ತೂಕ ಇಳಿಯುತ್ತದೆ, ಶೆಡ್ಡಿನಲ್ಲಿ ಹಾಕಿದ ಬಂಡವಾಳ ಹಿಂದಿರುಗುವುದಿಲ್ಲ. ಬರದ ವರ್ಷಗಳಲ್ಲಿ ಟ್ಯಾಂಕರ್ ನೀರು ಹಾಕಿ ತೋಟ ಉಳಿಸಿಕೊಂಡವರಿಗೆ ತುಂಬಿದ ಕೆರೆ ಎಂದರೆ ಉಳಿದ ಸಾಲ. ಆ ಸಾಲ ತೀರಿದರೆ ವಿಜಯಪುರದ ಔಷಧಿ ಅಂಗಡಿ, ಹನಿ ನೀರಾವರಿ ಸಾಮಗ್ರಿಯ ಅಂಗಡಿ, ಬಟ್ಟೆ ಅಂಗಡಿಗಳ ಉದ್ರಿಯೂ ತೀರುತ್ತದೆ. ಹಳ್ಳಿಯ ಕೆರೆಗೂ ನಗರದ ಗಲ್ಲೆಗೂ ಇರುವ ನಂಟು ಇಷ್ಟು ನೇರವಾದದ್ದು.

ನಗರದಲ್ಲಿ ಆ ನಂಟು ಕಾಣುವುದಿಲ್ಲ. ಅಲ್ಲಿ ಜೀರ್ಣೋದ್ಧಾರದ ಮೊದಲ ಗುರುತಾಗಿ ಕಾಣುವುದು ಕಬ್ಬಿಣದ ಬೇಲಿ, ಎರಡನೆಯದಾಗಿ ನೋಟಿಸು. ಲಾಭವು ನಾಲ್ಕಾರು ವರ್ಷಗಳ ನಂತರ ಬರಬಹುದಾದದ್ದು, ಅದೂ ಯಾರಿಗೆ ಎಂದು ತಿಳಿಯದ್ದು. ತೊಂದರೆ ಮಾತ್ರ ಇಂದಿನದು, ಹೆಸರು ಹಿಡಿದು ಬರುವಂಥದ್ದು. ಒಂದೇ ಕಾಲದ, ಒಂದೇ ವಂಶದವರ ನಿರ್ಮಾಣಗಳಿಗೆ ನಗರದಲ್ಲಿ ಸಂಶಯ, ಹಳ್ಳಿಯಲ್ಲಿ ಸ್ವಾಗತ ದೊರೆಯುವುದರ ಗುಟ್ಟು ಇಲ್ಲಿದೆ.

ನೂರು ಮೀಟರ್, ಮುನ್ನೂರು ಮೀಟರ್

ನಗರದ ಆತಂಕಗಳಲ್ಲಿ ದೊಡ್ಡದು ಪ್ರಾಚ್ಯ ಸ್ಮಾರಕಗಳ ಕಾಯ್ದೆಯದು. ಅದರ ಬಗ್ಗೆ ಅರ್ಧ ತಿಳಿವಳಿಕೆಯಿಂದ ಹಬ್ಬಿರುವ ಭಯವೂ ಸ್ವಲ್ಪವಲ್ಲ, ಆದಕಾರಣ ಇದನ್ನು ವಿವರವಾಗಿ ನೋಡುವುದು ಉಚಿತ.

ಕೇಂದ್ರ ಸಂರಕ್ಷಿತ ಸ್ಮಾರಕಗಳಿಗೆ 1958ರ ಕಾಯ್ದೆ ಅನ್ವಯಿಸುತ್ತದೆ. 1992ರ ಜೂನ್ 16ರ ಅಧಿಸೂಚನೆಯು ಸ್ಮಾರಕದ ಸುತ್ತ ನಿಷೇಧಿತ ಹಾಗೂ ನಿಯಂತ್ರಿತ ಪ್ರದೇಶಗಳನ್ನು ಗುರುತಿಸಿತು, 2010ರ ತಿದ್ದುಪಡಿಯು ಅವನ್ನು ಕಾಯ್ದೆಯೊಳಗೇ ಸೇರಿಸಿತು. ಸಂರಕ್ಷಿತ ಪ್ರದೇಶದ ಗಡಿಯಿಂದ 100 ಮೀಟರ್ ನಿಷೇಧಿತ, ಅದರಾಚೆ ಮತ್ತೆ 200 ಮೀಟರ್ ನಿಯಂತ್ರಿತ. ಅಳತೆ ಆರಂಭವಾಗುವುದು ಸ್ಮಾರಕದ ಗೋಡೆಯಿಂದಲ್ಲ, ಸಂರಕ್ಷಿತವೆಂದು ಘೋಷಿತವಾದ ಪ್ರದೇಶದ ಎಲ್ಲೆಯಿಂದ ಎಂಬುದನ್ನು ಬಹಳ ಜನ ಮರೆಯುತ್ತಾರೆ.

ಇದರ ವ್ಯಾಪ್ತಿ ಎಷ್ಟೆಂದು ತಿಳಿಯಲು 50 ಮೀಟರ್ ಚೌಕದ, ಅಂದರೆ ಸುಮಾರು 25 ಗುಂಟೆಯ ಒಂದು ಸಣ್ಣ ಗುಮ್ಮಟವನ್ನು ಊಹಿಸಿಕೊಳ್ಳಬಹುದು. ಅದರ ಸುತ್ತ 100 ಮೀಟರ್ ಸೇರಿಸಿದರೆ ಸ್ಮಾರಕವೂ ಒಳಗೊಂಡಂತೆ ಸುಮಾರು 13 ಎಕರೆ, 300 ಮೀಟರ್ ಸೇರಿಸಿದರೆ ಸುಮಾರು 85 ಎಕರೆ. ಇಪ್ಪತ್ತೈದು ಗುಂಟೆಯ ಗುಮ್ಮಟವೊಂದು 85 ಎಕರೆಯ ಮೇಲೆ ಹಕ್ಕು ಚಲಾಯಿಸುತ್ತದೆ. ಒಂದೆರಡು ಸ್ಮಾರಕಗಳಿರುವ ಊರಿಗೆ ಇದು ಭಾರವಾಗದು. ಹೆಜ್ಜೆಗೊಂದು ಗುಮ್ಮಟ, ಮಸೀದಿ, ಬಾವಡಿ, ಬುರುಜು ಇರುವ ವಿಜಯಪುರದಲ್ಲಿ ಒಂದರ ವೃತ್ತ ಮತ್ತೊಂದರ ಮೇಲೆ ಬಿದ್ದು ಹಳೆಯ ಬಜಾರಿನ ಬಹುಭಾಗ ಅದರೊಳಗೆ ಸೇರಿಹೋಗುತ್ತದೆ. ಎಲ್ಲ ಸ್ಮಾರಕಗಳಿಗೂ ಒಂದೇ ಅಳತೆ ಏಕೆ ಎಂಬ ಪ್ರಶ್ನೆಯನ್ನು 2023ರಲ್ಲಿ ಸಂಸದೀಯ ಸ್ಥಾಯಿ ಸಮಿತಿಯೇ ಎತ್ತಿತ್ತು. ಆದುದರಿಂದ ಈ ಪ್ರಶ್ನೆ ಕೇಳುವ ಅಂಗಡಿಕಾರನನ್ನು ಪರಂಪರೆಯ ವಿರೋಧಿಯೆಂದು ಜರೆಯಬೇಕಾಗಿಲ್ಲ.

ಇಷ್ಟಾದರೂ ಕಾಯ್ದೆ ಎಲ್ಲ ಬಾಗಿಲುಗಳನ್ನೂ ಮುಚ್ಚಿಲ್ಲ. ನಿಷೇಧಿತ ಪ್ರದೇಶದಲ್ಲಿ ಹೊಸ ಕಟ್ಟಡಕ್ಕೆ ಅವಕಾಶವಿಲ್ಲ, ನಿಜ. ಆದರೆ 1992ರ ಜೂನ್ 16ಕ್ಕೆ ಮೊದಲೇ ಇದ್ದ ಅಥವಾ ನಂತರ ಸರಿಯಾದ ಅನುಮತಿಯಿಂದ ಕಟ್ಟಿದ ಮನೆ, ಅಂಗಡಿಯ ದುರಸ್ತಿ ಮತ್ತು ನವೀಕರಣಕ್ಕೆ ಅರ್ಜಿ ಸಲ್ಲಿಸಬಹುದು. ನಿಯಂತ್ರಿತ ಪ್ರದೇಶದಲ್ಲಿ ಹೊಸ ನಿರ್ಮಾಣಕ್ಕೂ ಅನುಮತಿ ಪಡೆಯಲು ಸಾಧ್ಯ. ಅರ್ಜಿಯು ಸಕ್ಷಮ ಪ್ರಾಧಿಕಾರದ ಮೂಲಕ ರಾಷ್ಟ್ರೀಯ ಸ್ಮಾರಕ ಪ್ರಾಧಿಕಾರಕ್ಕೆ ಹೋಗುತ್ತದೆ. ಚರಂಡಿ, ನೀರಿನ ಕೊಳವೆ, ವಿದ್ಯುತ್ ಪೂರೈಕೆಯಂಥ ಕೆಲಸಗಳನ್ನು ಕಾಯ್ದೆ 'ನಿರ್ಮಾಣ' ಎಂಬ ಪದದ ವ್ಯಾಖ್ಯೆಯಿಂದ ಹೊರಗಿಟ್ಟಿದೆ. ಅನುಮತಿಯಿಲ್ಲದೆ ನಿಷೇಧಿತ ಪ್ರದೇಶದಲ್ಲಿ ಕಟ್ಟಿದರೆ ಎರಡು ವರ್ಷಗಳವರೆಗೆ ಸೆರೆಮನೆ ಅಥವಾ ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ ಆಗಬಹುದು. ರಾತ್ರೋರಾತ್ರಿ ಸ್ಲ್ಯಾಬ್ ಹಾಕಿಸಿ ಬೆಳಿಗ್ಗೆ ನೋಡಿಕೊಳ್ಳೋಣ ಎಂಬ ಧೈರ್ಯ ಇಲ್ಲಿ ದುಬಾರಿ.

ಪ್ರಾಯೋಗಿಕವಾಗಿ ಉಪಯುಕ್ತವಾದ ಒಂದು ಮಾತು: 1992ಕ್ಕಿಂತ ಹಿಂದಿನ ಕಟ್ಟಡವೆಂಬುದನ್ನು ತೋರಿಸುವ ಹೊಣೆ ಮಾಲೀಕರ ಮೇಲೆ ಬೀಳುತ್ತದೆ. ಹಳೆಯ ಕರದ ರಸೀದಿ, ವಿದ್ಯುತ್ ಬಿಲ್ಲು, ಅಂಗಡಿಯ ಪರವಾನಗಿ, ಖರೀದಿ ಪತ್ರಗಳನ್ನು ಇಂದೇ ಒಂದು ಫೈಲಿನಲ್ಲಿ ಜೋಡಿಸಿಡುವುದು ನಾಳೆ ವಕೀಲರ ಮನೆ ಸುತ್ತುವುದಕ್ಕಿಂತ ಅಗ್ಗ.

ಗೇಟಿನ ಒಳಗೊಂದು ಕಾನೂನು, ಹೊರಗೊಂದು ಕಾನೂನು

ಗಾಡಿ ವ್ಯಾಪಾರಿಗಳ ವಿಷಯ ಇದಕ್ಕಿಂತ ಭಿನ್ನ. ಸಂರಕ್ಷಿತ ಸ್ಮಾರಕದ ಆವರಣದೊಳಗೆ ಅನುಮತಿಯಿಲ್ಲದೆ ಸರಕು ಮಾರುವುದನ್ನು 1959ರ ನಿಯಮಗಳು ನಿರ್ಬಂಧಿಸುತ್ತವೆ. ಅಲ್ಲಿ ವಾದಕ್ಕೆ ಎಡೆಯಿಲ್ಲ. ಗೇಟಿನಿಂದ ಹೊರಗೆ, ರಸ್ತೆಯ ಬದಿಯಲ್ಲಿ ಅನ್ವಯಿಸುವುದು 2014ರ ಬೀದಿ ವ್ಯಾಪಾರಿಗಳ ಕಾಯ್ದೆ. ಪಾಲಿಕೆಯು ಐದು ವರ್ಷಕ್ಕೊಮ್ಮೆ ಬೀದಿ ವ್ಯಾಪಾರಿಗಳ ಸಮೀಕ್ಷೆ ನಡೆಸಬೇಕು. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡುವವರೆಗೆ ಇದ್ದವರನ್ನು ಎಬ್ಬಿಸುವಂತಿಲ್ಲ. ಸ್ಥಳಾಂತರಕ್ಕೆ 30 ದಿನಗಳ ಮುನ್ಸೂಚನೆ ಕೊಡಬೇಕು. ಜಪ್ತಿ ಮಾಡಿದರೆ ಸರಕಿನ ಪಟ್ಟಿ ಕೊಡಬೇಕು, ಬೇಗ ಕೆಡುವ ಸರಕನ್ನು ಅದೇ ದಿನ ಬಿಡುಗಡೆ ಮಾಡಬೇಕು. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇಕಡಾ 40ಕ್ಕೆ ಕಡಿಮೆಯಿಲ್ಲದಂತೆ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೆಯ ಒಂದು ಭಾಗ ಮಹಿಳೆಯರಿರಬೇಕು.

ಈ ಕಾಯ್ದೆಯ ಅನುಸೂಚಿಯಲ್ಲಿ ಅಷ್ಟಾಗಿ ಚರ್ಚೆಯಾಗದ ಒಂದು ಅಂಶವಿದೆ. ಐವತ್ತು ವರ್ಷಗಳಿಗೂ ಮೀರಿ ಬೀದಿ ವ್ಯಾಪಾರ ನಡೆದುಬಂದ ಮಾರುಕಟ್ಟೆಯನ್ನು ಪಾರಂಪರಿಕ ಮಾರುಕಟ್ಟೆಯೆಂದು ಘೋಷಿಸಬೇಕು, ಅಲ್ಲಿಯ ವ್ಯಾಪಾರಿಗಳನ್ನು ಸ್ಥಳಾಂತರಿಸಬಾರದು ಎಂದು ಅದು ಹೇಳುತ್ತದೆ. ಅಂದರೆ ಪರಂಪರೆ ಎಂಬ ಮಾತು ಕಲ್ಲಿನ ಕಟ್ಟಡಕ್ಕಷ್ಟೇ ಅಲ್ಲ, ಅದರ ನೆರಳಿನಲ್ಲಿ ಮೂರು ತಲೆಮಾರಿನಿಂದ ನಡೆದ ವ್ಯಾಪಾರಕ್ಕೂ ಸಲ್ಲುತ್ತದೆಂದು ಕಾನೂನೇ ಒಪ್ಪಿದೆ. ಹಳೆಯ ಉದ್ಯಾನದ ನಕ್ಷೆ ಬರೆಯುವವರು ಗೇಟಿನ ಹೊರಗಿನ ಈ ಜಾಗವನ್ನು ಖಾಲಿ ಬಿಳಿ ಪಟ್ಟಿಯಾಗಿ ತೋರಿಸುವುದು ವಾಡಿಕೆ. ಅಲ್ಲಿ ಮೂವತ್ತು ಗಾಡಿಗಳಿಗೆ ಗೆರೆ ಹಾಕಿ, ನಲ್ಲಿ ಕೊಟ್ಟು, ಕಸದ ತೊಟ್ಟಿ ಇಟ್ಟರೆ ಆ ಮೂವತ್ತು ಮಂದಿ ಸಂಬಳವಿಲ್ಲದ ಕಾವಲುಗಾರರಾಗುತ್ತಾರೆ. ಎಬ್ಬಿಸಿದರೆ ಹದಿನೈದು ದಿನಗಳಲ್ಲಿ ಮರಳುತ್ತಾರೆ, ಈ ಸಲ ನೀರೂ ಇಲ್ಲದೆ, ಲೆಕ್ಕವೂ ಇಲ್ಲದೆ.

ಸಣ್ಣ ಉದ್ದಿಮೆಗೆ ಇಲ್ಲಿ ಕೆಲಸವಿದೆಯೇ?

ಇದೆ, ಆದರೆ ಸಿಮೆಂಟಿನ ಅಂಗಡಿಯ ರೂಢಿಯಿಂದ ಸ್ವಲ್ಪ ಹೊರಗೆ ಬರಬೇಕು. ಆದಿಲ್‌ಶಾಹಿ ಕಟ್ಟಡಗಳು ಕಪ್ಪು ಕಲ್ಲು ಮತ್ತು ಸುಣ್ಣದ ಗಚ್ಚಿನವು. ಅಂಥ ಗೋಡೆಗೆ ಸಿಮೆಂಟು ಬಳಿದರೆ ಒಳಗಿನ ತೇವ ಹೊರಬರಲು ದಾರಿ ಸಿಗದೆ ಕಲ್ಲಿನೊಳಗೇ ನಿಲ್ಲುತ್ತದೆ, ಸಿಮೆಂಟಿನ ಉಪ್ಪು ಸೇರಿ ಕಲ್ಲಿನ ಮೈ ಪುಡಿಯಾಗುತ್ತದೆ. ಆದಕಾರಣ ಜೀರ್ಣೋದ್ಧಾರದಲ್ಲಿ ಮರಳಿ ಗಚ್ಚನ್ನೇ ಬಳಸುತ್ತಾರೆ: ಚೆನ್ನಾಗಿ ಸುಟ್ಟ ಸುಣ್ಣವನ್ನು ದಿನಗಟ್ಟಲೆ ನೀರಿನಲ್ಲಿ ಅರಳಿಸಿ, ಮರಳು, ಇಟ್ಟಿಗೆ ಪುಡಿ ಬೆರೆಸಿ, ಬೆಲ್ಲ, ಅಳಲೆಕಾಯಿಯ ನೀರು ಸೇರಿಸಿ, ಗಾಣದ ಕಲ್ಲಿನಲ್ಲಿ ಅರೆದು ಸಿದ್ಧಪಡಿಸುವಂಥದ್ದು. ಇದು ಬೇಗ ಗಟ್ಟಿಯಾಗುವುದಿಲ್ಲ, ಬೇಗ ಕೆಡುವುದೂ ಇಲ್ಲ. ಒಳ್ಳೆಯ ಸುಣ್ಣವನ್ನು ಒಂದೇ ಗುಣಮಟ್ಟದಲ್ಲಿ ಪೂರೈಸುವ ಘಟಕ, ಗಚ್ಚು ಅರೆಯುವ ಯಂತ್ರ ಇಟ್ಟುಕೊಂಡ ಘಟಕ ಸಮೀಪದಲ್ಲೇ ಇದ್ದರೆ ಅದು ವಿಜಯಪುರಕ್ಕಷ್ಟೇ ಅಲ್ಲ, ಬಾದಾಮಿ, ಕಲಬುರಗಿ, ಬೀದರ್‌ವರೆಗೆ ಸರಕು ಕಳುಹಿಸಬಹುದು.

ಕಲ್ಲು ಕೆತ್ತುವವರು, ಕಬ್ಬಿಣದ ಗೇಟು ಮಾಡುವ ಫ್ಯಾಬ್ರಿಕೇಶನ್ ಘಟಕಗಳು, ಸಸಿ ಬೆಳೆಸುವ ನರ್ಸರಿಗಳು, ಫಲಕ ಬರೆಯುವವರು ಇವರೆಲ್ಲರಿಗೂ ಪಾಲಿದೆ. ಟಿಕೋಟಾ, ಬಬಲೇಶ್ವರದ ದ್ರಾಕ್ಷಿ ತೋಟಗಳಿಗೆ ಹನಿ ನೀರಾವರಿ ಜೋಡಿಸಿ ಕೈ ಪಳಗಿದವರು ಆ ಭಾಗದಲ್ಲಿ ಬಹಳ. ಉದ್ಯಾನದ ಮರಗಿಡಗಳಿಗೆ ಟ್ಯಾಂಕರಿನಿಂದ ನೀರು ಸುರಿಯುವ ಪದ್ಧತಿಯ ಬದಲು ಹನಿ ಪದ್ಧತಿಯನ್ನು ಕೇಳಿ ಪಡೆಯಬಹುದಾದ ಕೆಲಸ ಅವರದು.

ಟೆಂಡರಿನ ವಿಷಯದಲ್ಲಿ ಒಂದು ಎಚ್ಚರ. ಕೇಂದ್ರ ಸರ್ಕಾರದ ಇಲಾಖೆಗಳು ತಮ್ಮ ಖರೀದಿಯ ಶೇಕಡಾ 25ರಷ್ಟನ್ನು ಸೂಕ್ಷ್ಮ ಮತ್ತು ಸಣ್ಣ ಉದ್ದಿಮೆಗಳಿಂದ ಪಡೆಯಬೇಕೆಂಬ 2012ರ ಖರೀದಿ ನೀತಿಯು ಸರಕು ಮತ್ತು ಸೇವೆಗಳಿಗೆ ಅನ್ವಯಿಸುತ್ತದೆ, ಕಾಮಗಾರಿ ಗುತ್ತಿಗೆಗೆ ಅನ್ವಯಿಸುವುದಿಲ್ಲ. ಆದುದರಿಂದ ಇಡೀ ಉದ್ಯಾನದ ಕಾಮಗಾರಿಯನ್ನು ಒಂದೇ ಗುತ್ತಿಗೆಯಾಗಿ ಕೊಟ್ಟರೆ ಅದು ಹೊರಗಿನ ದೊಡ್ಡ ಕಂಪನಿಗೆ ಹೋಗುವ ಸಂಭವವೇ ಹೆಚ್ಚು. ಸುಣ್ಣ, ಕಲ್ಲು, ಸಸಿ, ಗೇಟುಗಳನ್ನು ಸರಕಿನ ಖರೀದಿಯಾಗಿ ಬಿಡಿಸಿ ಕರೆದರೆ ಉದ್ಯಮ್ ನೋಂದಣಿ ಇರುವ ಸ್ಥಳೀಯ ಘಟಕಕ್ಕೆ ಠೇವಣಿ ವಿನಾಯಿತಿಯೊಂದಿಗೆ ಅವಕಾಶ ಸಿಗುತ್ತದೆ. ಇದನ್ನು ಕೇಳಬೇಕಾದ ಕಾಲ ಟೆಂಡರ್ ಪ್ರಕಟವಾದ ನಂತರ ಅಲ್ಲ, ಅಂದಾಜು ಪಟ್ಟಿ ಸಿದ್ಧವಾಗುತ್ತಿರುವಾಗ.

ಐದನೆಯ ವರ್ಷದ ಹಣ

ನಿರ್ವಹಣೆಯ ಹಣ ಎಲ್ಲಿಂದ ಎಂಬ ಪ್ರಶ್ನೆಗೆ ಹೊರಗಿನ ಎರಡು ಅನುಭವಗಳು ಪ್ರಯೋಜನಕಾರಿ. ಹೈದರಾಬಾದಿನ ಕುತುಬ್‌ಶಾಹಿ ಗೋರಿಗಳ ಆವರಣದಲ್ಲಿ ಆಗಾ ಖಾನ್ ಸಂಸ್ಕೃತಿ ಟ್ರಸ್ಟ್ 2013ರಿಂದ ಕೈಗೊಂಡ ಕಾರ್ಯದಲ್ಲಿ ಗುಮ್ಮಟಗಳ ಜೊತೆಗೆ ಹಾಳಾಗಿದ್ದ ಬಾವಡಿಗಳನ್ನೂ ಸರಿಪಡಿಸಲಾಯಿತು. ಅವುಗಳಲ್ಲಿ ನಿಂತ ಮಳೆನೀರು ಆವರಣದ ಗಿಡಗಳಿಗೂ ಗಚ್ಚು ಕಲಸುವುದಕ್ಕೂ ಬಂತು. ಗೋಲ್ಕೊಂಡದ ಈ ಬಾವಡಿಗಳಿಗೆ 2022ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪರಂಪರೆ ಪ್ರಶಸ್ತಿಯೂ ದೊರೆಯಿತು. ಪ್ರಶಸ್ತಿಗಿಂತ ನೀರಿನ ಬಿಲ್ಲು ಉಳಿದದ್ದು ವಿಜಯಪುರಕ್ಕೆ ಹೆಚ್ಚು ಪ್ರಸ್ತುತ.

ದೆಹಲಿಯ ಸುಂದರ್ ನರ್ಸರಿಯ ದಾರಿ ಬೇರೆ. ಹುಮಾಯೂನನ ಗೋರಿಯ ಪಕ್ಕದ, ಮೊಗಲರ ಕಾಲದ ಕಟ್ಟಡಗಳಿರುವ 90 ಎಕರೆಯ ಈ ಜಾಗ 2018ರ ಫೆಬ್ರವರಿಯಲ್ಲಿ ಸಾರ್ವಜನಿಕ ಉದ್ಯಾನವಾಗಿ ತೆರೆಯಿತು. ಅಲ್ಲಿ ಪ್ರವೇಶ ಶುಲ್ಕವಿದೆ, ವಾರಾಂತ್ಯದಲ್ಲಿ ರೈತರ ಸಂತೆಯೂ ನಡೆದುಬಂದಿದೆ. ಶುಲ್ಕ ಕೊಡಲಾಗದ ನೆರೆಯವರಿಗೆ ಉದ್ಯಾನ ಪರಕೀಯವಾಗುತ್ತದೆಂಬ ಟೀಕೆಯಲ್ಲಿ ಹುರುಳಿದೆ. ವಿಜಯಪುರದಲ್ಲಿ ಗೋಳಗುಮ್ಮಟ, ಇಬ್ರಾಹಿಂ ರೋಜಾಗಳಿಗೆ ಟಿಕೆಟ್ಟಿರುವುದನ್ನು ಜನ ಒಪ್ಪಿಕೊಂಡಿದ್ದಾರೆ. ಆದರೆ ಬಜಾರಿನ ಮಗ್ಗುಲಲ್ಲೇ ಇರುವ ಗಗನ ಮಹಲ್, ಬಾರಾ ಕಮಾನುಗಳ ಹುಲ್ಲುಹಾಸಿನ ಮೇಲೆ ಕೂಲಿಯವನೂ ಕೂರಬಲ್ಲನು. ಅಂಥ ಜಾಗಗಳಿಗೆ ಟಿಕೆಟ್ ಕಿಟಕಿ ತೆರೆದರೆ ಸಿಗುವ ಹಣಕ್ಕಿಂತ ಸುತ್ತಲಿನ ಚಹಾ, ಗಿರಮಿಟ್ಟು, ಬಳೆ ಅಂಗಡಿಗಳು ಕಳೆದುಕೊಳ್ಳುವ ಗಿರಾಕಿ ಹೆಚ್ಚಾದೀತು. ಸಂತೆಯ ವಿಚಾರ ಮಾತ್ರ ಅನುಕರಣೀಯ. ಒಣದ್ರಾಕ್ಷಿ, ಲಿಂಬೆ, ಬಿಳಿಜೋಳ, ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಪೊಟ್ಟಣಗಳನ್ನು ತಿಂಗಳಿಗೆ ಎರಡು ಭಾನುವಾರ ಪಾಲಿಕೆಯ ಉದ್ಯಾನವೊಂದರಲ್ಲಿ ಮಾರಲು ಜಾಗ ಕೊಟ್ಟು, ಆ ಬಾಡಿಗೆಯನ್ನು ಅದೇ ಉದ್ಯಾನದ ಖಾತೆಗೆ ಜಮಾ ಮಾಡುವುದು ಅಸಾಧ್ಯವೇನಲ್ಲ. ಟಿಕೋಟಾದ ಬೆಳೆಗಾರನು ತಾಸಗಾಂವದ ಮಾರುಕಟ್ಟೆಗೆ ಒಯ್ಯುವ ಮಾಲಿನಲ್ಲಿ ನಾಲ್ಕು ಪೆಟ್ಟಿಗೆ ಇಲ್ಲಿ ಚಿಲ್ಲರೆಯಾಗಿ ಮಾರಿದರೆ ಅವನಿಗೂ ದರದ ಅಂತರ ತಿಳಿಯುತ್ತದೆ.

ಕಂಪನಿಗಳ ಸಾಮಾಜಿಕ ಹೊಣೆಗಾರಿಕೆಯ ಹಣವನ್ನು ಐತಿಹಾಸಿಕ ತಾಣಗಳ ಪುನರುದ್ಧಾರಕ್ಕೆ ಬಳಸಲು 2013ರ ಕಂಪನಿ ಕಾಯ್ದೆ ಅವಕಾಶ ಕೊಟ್ಟಿದೆ. ಆದರೆ ಆ ಹೊಣೆ 500 ಕೋಟಿ ನಿವ್ವಳ ಸಂಪತ್ತು, 1,000 ಕೋಟಿ ವಹಿವಾಟು ಅಥವಾ 5 ಕೋಟಿ ನಿವ್ವಳ ಲಾಭ ಮುಟ್ಟಿದ ಕಂಪನಿಗಳದು. ಜಿಲ್ಲೆಯ ಬಹುತೇಕ ಘಟಕಗಳು ಆ ಮಟ್ಟದವಲ್ಲ. 2017ರಲ್ಲಿ ಆರಂಭವಾಗಿ 2023ರಲ್ಲಿ ಪರಿಷ್ಕೃತಗೊಂಡ ಸ್ಮಾರಕ ದತ್ತು ಯೋಜನೆಯಡಿ ಕುಡಿಯುವ ನೀರು, ಶೌಚಾಲಯ, ದೀಪದಂಥ ಸೌಕರ್ಯ ಒದಗಿಸಲು ಮುಂದೆ ಬರುವವರಿಗೆ ದಾರಿಯಿದೆ. ಸಣ್ಣವರು ಒಬ್ಬೊಬ್ಬರಾಗಿ ಅಲ್ಲ, ಬೀದಿಯ ವರ್ತಕರೆಲ್ಲ ಸೇರಿ ಒಂದು ಶೌಚಾಲಯದ ನಿರ್ವಹಣೆ ವಹಿಸಿಕೊಂಡರೂ ಸಾಕು. ಪ್ರವಾಸಿಯು ಊರಿನ ಬಗ್ಗೆ ಮನೆಗೆ ಹೋಗಿ ಹೇಳುವುದು ಗುಮ್ಮಟದ ಎತ್ತರವನ್ನಲ್ಲ, ಶೌಚಾಲಯದ ಸ್ಥಿತಿಯನ್ನು.

ಸಂಜೆಯ ಮೂರು ತಾಸು

ಕೊನೆಯದಾಗಿ ಸಮಯದ ಪ್ರಶ್ನೆ. ಸಂರಕ್ಷಿತ ಸ್ಮಾರಕಗಳು ಸಾಮಾನ್ಯವಾಗಿ ಸೂರ್ಯೋದಯದಿಂದ ಸೂರ್ಯಾಸ್ತದವರೆಗೆ ತೆರೆದಿರುತ್ತವೆ. ಏಪ್ರಿಲ್, ಮೇ ತಿಂಗಳ ಬಿಸಿಲಿನಲ್ಲಿ ವಿಜಯಪುರದವರು ಮನೆಯಿಂದ ಹೊರಬೀಳುವುದೇ ಸೂರ್ಯ ಇಳಿದ ಮೇಲೆ. 2019ರ ಜುಲೈನಲ್ಲಿ ಕೇಂದ್ರ ಸರ್ಕಾರವು ದೇಶದ ಹತ್ತು ಸ್ಮಾರಕಗಳನ್ನು ರಾತ್ರಿ 9 ಗಂಟೆಯವರೆಗೆ ತೆರೆದಿಡುವುದಾಗಿ ಪ್ರಕಟಿಸಿತು. ಆ ಹತ್ತರಲ್ಲಿ ಕರ್ನಾಟಕದ ಎರಡಿದ್ದವು: ಪಟ್ಟದಕಲ್ಲು ಮತ್ತು ಗೋಳಗುಮ್ಮಟ. ಹಗಲಿನ ಎಂಟು ತಾಸಿನ ವ್ಯಾಪಾರವನ್ನು ಸಂಜೆಯ ಮೂರು ತಾಸು ಮೀರಿಸಬಲ್ಲದೆಂದು ಜಾತ್ರೆಯಲ್ಲಿ ಅಂಗಡಿ ಹಾಕಿದ ಯಾರಿಗಾದರೂ ಗೊತ್ತು.

ಆದರೆ ಗೇಟು ತೆರೆದಿಟ್ಟ ಮಾತ್ರಕ್ಕೆ ಸಂಜೆ ತುಂಬುವುದಿಲ್ಲ. ಗೇಟಿನಿಂದ ಬಸ್ ನಿಲ್ದಾಣದವರೆಗಿನ ದಾರಿಯಲ್ಲಿ ದೀಪ ಬೇಕು, ಹೆಣ್ಣುಮಕ್ಕಳು ನಿರಾತಂಕವಾಗಿ ನಡೆಯುವಂತಿರಬೇಕು, ವಾಹನ ನಿಲ್ಲಿಸಲು ಜಾಗ ಬೇಕು. ಆಮೇಲೆ ಟಿಕೋಟಾ, ಬಬಲೇಶ್ವರದ ಕಡೆಗೆ ಹೊರಡುವ ಕೊನೆಯ ಬಸ್ಸುಗಳು. ಸಂತೆ ಮುಗಿಸಿ ಮಕ್ಕಳೊಡನೆ ಉದ್ಯಾನದಲ್ಲಿ ಕೂತ ಹಳ್ಳಿಯ ಕುಟುಂಬ ಎದ್ದು ಹೊರಡುವುದು ಗೇಟಿನ ಗಂಟೆ ಬಾರಿಸಿದಾಗ ಅಲ್ಲ, ಕೊನೆಯ ಬಸ್ಸಿಗೆ ಅರ್ಧ ತಾಸು ಮೊದಲು. ಉದ್ಯಾನದ ವೇಳೆಯನ್ನೂ ಬಸ್ಸಿನ ವೇಳೆಯನ್ನೂ ಬೇರೆ ಬೇರೆ ಕಚೇರಿಗಳು ಬೇರೆ ಬೇರೆ ಕಡತಗಳಲ್ಲಿ ಗೊತ್ತುಪಡಿಸುತ್ತವೆ. ಆ ಎರಡು ಕಡತಗಳನ್ನು ಒಂದೇ ಮೇಜಿನ ಮೇಲೆ ಇಡಿಸುವ ಮನವಿಯನ್ನು ವರ್ತಕರ ಸಂಘಗಳು ಸಾರಿಗೆ ಸಂಸ್ಥೆಗೂ ಜಿಲ್ಲಾಡಳಿತಕ್ಕೂ ಒಟ್ಟಿಗೇ ಸಲ್ಲಿಸಬಹುದು, ಇದಕ್ಕೆ ಅನುದಾನವೂ ಬೇಕಿಲ್ಲ.